ನಡೆಹಾಸಿನ ಮೇಲೆ ರಾಣಿ

ದೇಶದ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಸಿಕ್ಕಿದ ಮೇಲೆಯೇ ಸುಗುಣಾ ಹಂಚಿನಮನಿಗೆ ಕೆಲಸ ಸಿಕ್ಕಿದ್ದು. ಎಲ್ಲರಿಗೂ ಸಿಕ್ಕಾಯಿತಲ್ಲ, ಇನ್ನು ಅಲ್ಲಿ ಹೋಗಿ ಏನು ಮಾಡುತ್ತೀ, ಕುರ್ಚಿ ಬೆಚ್ಚಗೆ ಮಾಡುತ್ತೀಯಾ ಎಂದು ಅವಳ ಅವ್ವನೇ ಚೇಷ್ಟೆ ಮಾಡಿದ್ದಳು. ಆದರೆ ಎಲ್ಲರೂ ಎಂದಾಗ ಆ ಮಾತಿನ ಹೊರಗೆ ಕೆಲವರು ಉಳಿದೇ ಇರುತ್ತಾರೆ. ಅಂಥವರಿಗಾಗಿ ಹುಬ್ಬಳ್ಳಿಯ ವಿಮೆ ನಿಯಂತ್ರಣ ಕೊಠಡಿಯ ಹಿಂದಿನ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ತೆರೆ, ಒಂದು ಫೋನು ಇಟ್ಟು ‘ಉಳಿಕೆ ವಿಭಾಗ’ ಎಂದು ಬೋರ್ಡು ಹಾಕಿದ್ದರು. ಭಾಗಾಕಾರ ಮಾಡಿದಾಗ ಕೊನೆಗೆ ಶೇಷ ಉಳಿಯುತ್ತದಲ್ಲ, ಹಾಗೆ. ಆ ವಿಭಾಗದಲ್ಲಿದ್ದವಳು ಸುಗುಣಾ ಒಬ್ಬಳೇ.

ಕಾನೂನು ಮಾಡಿದವರು ಕೆಟ್ಟವರಲ್ಲ. ಕಾರ್ಡು ಕೊಟ್ಟರೆ ಕಳೆಯುತ್ತದೆ. ಬೆರಳಿನ ಗೆರೆ ಎಂದರೆ ಕಲ್ಲು ಹೊತ್ತವರ ಕೈಯಲ್ಲಿ ಅದು ಸವೆದೇ ಹೋಗಿರುತ್ತದೆ. ಕಣ್ಣಿಗೆ ಪೊರೆ ಬರುತ್ತದೆ. ಮುಖದ ಫೋಟೋ ಇಟ್ಟುಕೊಂಡರೆ ನಾಳೆ ಬರುವ ಸರ್ಕಾರ ಯಾರನ್ನು ಹುಡುಕಿಕೊಂಡು ಹೋಗುತ್ತದೋ ಎಂಬ ಭಯ. ಇಷ್ಟೆಲ್ಲ ತೂಗಿ ನೋಡಿ ವಿಜ್ಞಾನಿಗಳು ಕಡೆಗೆ ಹಿಡಿದದ್ದು ನಡಿಗೆಯನ್ನು. ಹಿಮ್ಮಡಿ ನೆಲಕ್ಕೆ ತಾಗುವ ರೀತಿ, ಎರಡು ಹೆಜ್ಜೆಯ ನಡುವಿನ ಬಿಡುವು, ಸೊಂಟದ ವಾಲಾಟ, ಹೆಗಲಿನ ತಿರುವು, ಎಲ್ಲ ಕೂಡಿ ಒಂದು ಲಯ ಆಗುತ್ತದೆ. ಒಬ್ಬರ ಲಯ ಇನ್ನೊಬ್ಬರಿಗಿಲ್ಲ. ಆಸ್ಪತ್ರೆಗಳ ಬಾಗಿಲಲ್ಲಿ ಉದ್ದನೆಯ ಕಪ್ಪು ಹಾಸು ಬಂತು, ಜನ ಅದನ್ನು ನಡೆಹಾಸು ಎಂದು ಕರೆದರು. ಹೆಸರು ಹೇಳಿ ಈ ತುದಿಯಿಂದ ಆ ತುದಿಗೆ ನಡೆದರೆ, ಆ ಲಯ ನೋಂದಣಿಯ ದಿನದ ಲಯಕ್ಕೆ ಹೊಂದಿದರೆ, ಹಸಿರು ದೀಪ ಹತ್ತುತ್ತಿತ್ತು. ಆಮೇಲೆ ಔಷಧಿಯೇ ಇರಲಿ, ಆಪರೇಷನ್ನೇ ಇರಲಿ, ಯಾರೂ ಏನೂ ಕೇಳುತ್ತಿರಲಿಲ್ಲ.

ವಯಸ್ಸಾದರೆ ಹೆಜ್ಜೆ ನಿಧಾನವಾಗುತ್ತದೆ, ಮಂಡಿ ಬಾಗುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿತ್ತು, ಅದನ್ನೆಲ್ಲ ಲೆಕ್ಕ ಹಾಕಿ ಕ್ಷಮಿಸುತ್ತಿತ್ತು. ಕಾಲಿಲ್ಲದವರಿಗೆ ಊರುಗೋಲಿನ ಲಯವೇ ಗುರುತು. ಇಷ್ಟು ಚೆಂದದ ಯಂತ್ರದ ಎದುರು ಹೋಗಿ ಕೆಂಪು ದೀಪ ನೋಡಿ ತಿರುಗಿ ಬಂದವರು ಸುಗುಣಾಳ ಫೋನಿಗೆ ಬರುತ್ತಿದ್ದರು. ಕೆಲವರು ಬೈಯುತ್ತಿದ್ದರು, ಕೆಲವರು ಅಳುತ್ತಿದ್ದರು. ಗದಗಿನ ನೀಲವ್ವ ಮಾತ್ರ ದೂರು ಹೇಳುವವಳ ಹಾಗೆ ಮಾತಾಡಲಿಲ್ಲ, ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

“ನಮ್ಮನಿಯವ್ರನ್ನ ಹಾಸು ಒಲ್ಲೆ ಅಂತೈತ್ರಿ ಬಾಯಾರ. ಇವ್ರು ಇವ್ರಲ್ಲಂತ.”

ಮನೆಯವರೆಂದರೆ ಶರಭಪ್ಪ ಮುಳಗುಂದ. ಎಪ್ಪತ್ತು ದಾಟಿದ ಮುದುಕ. ಗಂಡ ಹೆಂಡತಿ ಇಬ್ಬರೇ, ಒಂದು ಖಾನಾವಳಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನೀಲವ್ವ ಆ ಖಾನಾವಳಿಗೇ ರೊಟ್ಟಿ ಬಡಿದುಕೊಡುತ್ತಿದ್ದಳು. ಶರಭಪ್ಪನ ಎದೆಯ ಕವಾಟವೊಂದು ಬಿಗಿದುಕೊಂಡಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ, ಎರಡು ಸಲ ಬಚ್ಚಲ ಬಾಗಿಲಲ್ಲಿ ಕುಸಿದಿದ್ದ. ಆಸ್ಪತ್ರೆಯವರು ತುರ್ತಿಗೆ ಗುಳಿಗೆ ಕೊಟ್ಟು ಕಳಿಸಿದ್ದರು, ಆದರೆ ಕವಾಟ ಬದಲಿಸಬೇಕೆಂದರೆ ಹಸಿರು ದೀಪ ಬೇಕೇ ಬೇಕು. ಬಹಳ ದಿನ ತಡೆಯುವ ಎದೆಯಲ್ಲ ಇದು ಎಂದು ಅಲ್ಲಿನ ಡಾಕ್ಟರಮ್ಮ ನೀಲವ್ವನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. ಅದನ್ನು ನೀಲವ್ವ ಗಂಡನಿಗೆ ಹೇಳಿರಲಿಲ್ಲ, ಸುಗುಣಾಳಿಗೆ ಹೇಳಿದಳು.

ಸುಗುಣಾ ಹೆಸರು ಹಾಕಿ ಹುಡುಕಿದಳು. ಶರಭಪ್ಪ ಮುಳಗುಂದ ಎಂಬುವರು ನೋಂದಣಿ ಶುರುವಾದ ವರ್ಷವೇ ಸೇರಿದ್ದರು. ಆಮೇಲೆ ಈ ಸಲದ ಕೆಂಪು ದೀಪದವರೆಗೆ ಯಾವ ಹಾಸಿನ ಮೇಲೂ ಕಾಲಿಟ್ಟಿರಲಿಲ್ಲ. ಹಳೆಯ ನಡಿಗೆಯನ್ನು ಅವಳು ತೆರೆಯ ಮೇಲೆ ಓಡಿಸಿದಳು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು ಮಾತ್ರ ಕಾಣುತ್ತವೆ, ಪಾದಕ್ಕೆ, ಮಂಡಿಗೆ, ಸೊಂಟಕ್ಕೆ, ಹೆಗಲಿಗೆ ಒಂದೊಂದು. ಚುಕ್ಕೆಗಳು ನಡೆಯತೊಡಗಿದವು. ಸುಗುಣಾ ಚಹಾದ ಲೋಟ ಕೆಳಗಿಟ್ಟಳು. ನಡೆಯುತ್ತಿದ್ದುದು ಗಂಡಸಲ್ಲ. ಹೆಂಗಸು, ಅದೂ ಸಾಮಾನ್ಯ ಹೆಂಗಸಲ್ಲ. ಮೈತುಂಬ ಒಡವೆ ಇದ್ದವಳ ಹಾಗೆ ಮೆಲ್ಲಗೆ, ನೆಲಕ್ಕೆ ಉಪಕಾರ ಮಾಡುವವಳ ಹಾಗೆ ಹೆಜ್ಜೆ ಇಡುತ್ತ ಬಂದು, ಅರ್ಧ ದಾರಿಯಲ್ಲಿ ತುಸು ನಿಂತು, ಎಡ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, ಮತ್ತೆ ಮುಂದೆ ಹೋದಳು.

ಮೇಲಧಿಕಾರಿ ನಾಡಗೀರರು ಹಿಂದೆ ನಿಂತು ನೋಡಿದರು. ಇದರಲ್ಲಿ ಯೋಚಿಸುವಂಥದ್ದೇನಿಲ್ಲ, ಯಾರೋ ಹೆಂಗಸು ಆ ಮನುಷ್ಯನ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಂಡಿದ್ದಾಳೆ, ಮೋಸ ಎಂದು ಬರೆದು ಮುಚ್ಚಿಬಿಡು ಎಂದರು. ಮೋಸವೆಂದು ಮುಚ್ಚಿದರೆ ಆ ಹೆಸರಿಗೆ ಬೀಗ ಬೀಳುತ್ತದೆ, ಮತ್ತೆ ತೆಗೆಯುವುದಕ್ಕೆ ಯಾರಿಂದಲೂ ಆಗುವುದಿಲ್ಲ. ತಿದ್ದಿಸಿಕೊಳ್ಳುವುದಕ್ಕೆ ದಾರಿ ಒಂದೇ. ತಾನೇ ಆ ವ್ಯಕ್ತಿ ಎಂದು ಒಮ್ಮೆ ಹಾಸಿನ ಮೇಲೆ ನಡೆದು ತೋರಿಸಬೇಕು, ಆಮೇಲೆ ಹೊಸ ನಡಿಗೆ ಕೊಡಬಹುದು. ತೋರಿಸಲಾಗದೆ ತಾನೇ ಅವರು ಹೊರಗೆ ನಿಂತದ್ದು ಎಂದು ಸುಗುಣಾ ಕೇಳಿದಳು. ನಾಡಗೀರರು ಕನ್ನಡಕ ಒರೆಸಿಕೊಂಡರು. ಅವರಿಗೂ ಮನಸ್ಸಿಗೆ ಸರಿ ಬರಲಿಲ್ಲವೆಂದು ಕಾಣುತ್ತದೆ. ಶನಿವಾರದವರೆಗೆ ಇಟ್ಟುಕೋ, ಅದಕ್ಕಿಂತ ಮೇಲೆ ನನ್ನ ಕೈಯಲ್ಲಿಲ್ಲ ಎಂದು ಹೇಳಿ ಹೋದರು.

ಸುಗುಣಾಳ ಮನೆಯಲ್ಲಿ ಆ ಸಂಜೆ ನಗೆಯೋ ನಗೆ. ಅವಳ ಮಗಳು ಪಾರಿಗೆ ಇನ್ನೂ ಮೂರು ತುಂಬಿರಲಿಲ್ಲ. ಅಜ್ಜಿಯ ಟವೆಲ್ಲನ್ನು ಸೀರೆಯ ಹಾಗೆ ಸುತ್ತಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು, ನೋಯುವ ಮಂಡಿಯನ್ನು ಹೊರಕ್ಕೆ ಚೆಲ್ಲುತ್ತ, ಯವ್ವಾ ಯವ್ವಾ ಎಂದು ನರಳುತ್ತ ಪಡಸಾಲೆಯಲ್ಲಿ ತಿರುಗುತ್ತಿದ್ದಳು. ಥೇಟು ಅಜ್ಜಿ. ಅಣಕಿಸಿಕೊಂಡ ಅಜ್ಜಿಯೇ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ನಗೆ ಏರಿದಷ್ಟೂ ಪಾರಿಯ ಕುಂಟು ಏರಿತು. ಸುಗುಣಾ ಅಡುಗೆಮನೆಗೆ ಹೋಗಿ ಅಲ್ಲಿಂದ ಇಣುಕಿದಳು. ಅಜ್ಜಿ ಎದ್ದು ದೀಪ ಹಚ್ಚಲು ಹೋದ ಕೂಡಲೇ, ನೋಡುವವರು ಯಾರೂ ಇಲ್ಲವೆಂದು ಗೊತ್ತಾದ ಕೂಡಲೇ, ಮಗು ಟವೆಲ್ಲು ಎಳೆದುಕೊಂಡು ತನ್ನ ಪಾಡಿಗೆ ತಾನು ಕುಪ್ಪಳಿಸುತ್ತ ಹೋಯಿತು. ಸುಗುಣಾ ಅಲ್ಲೇ ನಿಂತುಬಿಟ್ಟಳು. ಒಲೆಯ ಮೇಲಿನ ಹಾಲು ಉಕ್ಕಿತು.

ಬೆಳಿಗ್ಗೆ ಕೊಠಡಿಗೆ ಹೋದವಳೇ ಗದಗಿಗೆ ಫೋನು ಹಚ್ಚಿದಳು. ಅಜ್ಜಾರು ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. ನಾಟಕ ಕಂಪನಿಯಲ್ಲಿದ್ದರು ಎಂದಳು ನೀಲವ್ವ. ಏನು ಪಾರ್ಟು ಮಾಡುತ್ತಿದ್ದರು ಎಂದು ಸುಗುಣಾ ಕೇಳಿದಳು. ನೀಲವ್ವ ನಕ್ಕಳು, ಹರೆಯದ ಹುಡುಗಿಯ ನಗು.

“ರಾಣಿ ಪಾರ್ಟ್ರಿ. ಹೆಸರು ನೋಡಿದ್ರ ಶರಭಪ್ಪ. ಸೀರಿ ಉಟ್ಟು ಬಂದ್ರಂದ್ರ ನಾವೇ ಹೆಂಗಸ್ರು ತಲಿ ತೆಗ್ಗಿಸಬೇಕ್ರಿ.”

ಸುಗುಣಾ ಮಾರನೆಯ ದಿನ ರಜೆ ಹಾಕಿ ಗದಗಿನ ಬಸ್ಸು ಹತ್ತಿದಳು. ನಿಯಂತ್ರಣ ಕೊಠಡಿಯವರು ಮನೆಗಳಿಗೆ ಹೋಗುವ ಪದ್ಧತಿ ಇರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು, ಅದಕ್ಕೇ ಅವಳು ಕೇಳಲಿಲ್ಲ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಶರಭಪ್ಪ ದಿಂಬಿಗೆ ಒರಗಿ ಕುಳಿತಿದ್ದ. ಉದ್ದನೆಯ ಬೆರಳುಗಳು, ತಿದ್ದಿದಂಥ ಹುಬ್ಬು, ಉಳಿದದ್ದೆಲ್ಲ ಎಲುಬು. ಬಂದವಳನ್ನು ಕಂಡು ಎದ್ದು ನಿಲ್ಲಲು ಹೋಗಿ ಏದುಸಿರು ಬಿಟ್ಟು ಕುಳಿತ. ನೀಲವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು, ಉಂಡ ಮೇಲೆಯೇ ಮಾತು ಎಂದಳು.

ಮಾತು ಹೊರಟದ್ದು ಹೀಗೆ. ಶರಭಪ್ಪ ಹತ್ತು ವರ್ಷದವನಿದ್ದಾಗಲೇ ಕಂಪನಿ ಸೇರಿದ್ದ. ಕಂಪನಿಯಲ್ಲಿ ನಟಿಯರು ಬಂದ ಮೇಲೂ ಆ ಒಂದು ರಾಣಿಯ ಪಾತ್ರಕ್ಕೆ ಜನ ಇವನನ್ನೇ ಕೇಳುತ್ತಿದ್ದರು. ನೋಂದಣಿಯ ವ್ಯಾನು ಬಂದಾಗ ಅವರ ಕ್ಯಾಂಪು ಇಳಕಲ್ಲಿನಲ್ಲಿತ್ತು. ಮಧ್ಯಾಹ್ನದ ಆಟ, ಎರಡನೇ ಅಂಕ ಮುಗಿದು ಬಿಡುವು. ಆಟ ಮುಗಿಯುವ ಹೊತ್ತಿಗೆ ವ್ಯಾನು ಹೊರಟುಹೋಗುತ್ತದೆ ಎಂದರು. ಬಣ್ಣ ತೆಗೆಯಲು ಪುರುಸೊತ್ತಿಲ್ಲ, ಕಿರೀಟ, ಸೊಂಟದ ಡಾಬು, ಕಾಲಂದಿಗೆ ಸಮೇತ ಹೊರಗೆ ಬಂದ. ಸುತ್ತಲೂ ಪ್ರೇಕ್ಷಕರು ಶೇಂಗಾ ತಿನ್ನುತ್ತ ನಿಂತಿದ್ದರು. ವ್ಯಾನಿನ ಹುಡುಗ, ಚೆಂದಾಗಿ ನಡೆಯಿರಿ, ಇದು ಜೀವಮಾನಕ್ಕೆಲ್ಲ ಒಂದೇ ಸಲ ಎಂದ. ಜನ ನೋಡುತ್ತಿರುವಾಗ, ಚೆಂದಾಗಿ ನಡೆ ಎಂದಾಗ, ಶರಭಪ್ಪನಿಗೆ ಗೊತ್ತಿದ್ದ ನಡಿಗೆ ಒಂದೇ. ಜನ ಚಪ್ಪಾಳೆ ಹೊಡೆದರು. ಅವನು ಒಳಗೆ ಹೋಗಿ ಮೂರನೇ ಅಂಕ ಆಡಿದ, ಆಮೇಲೆ ಅದನ್ನು ಮರೆತೂ ಬಿಟ್ಟ. ಹೊರಗಿನ ಲೋಕದಲ್ಲಿ ಇಂಥ ತಪ್ಪು ಯಾರೂ ಮಾಡುವುದಿಲ್ಲ, ನಾಟಕದವರು ಮಾತ್ರ ಮಾಡಬಲ್ಲರು.

ಎಲ್ಲ ತಿಳಿದ ಮೇಲೆ ಮುದುಕ ತಲೆ ಬಗ್ಗಿಸಿದ. ಅವನಿಗೆ ಕವಾಟದ ಚಿಂತೆಗಿಂತ ಅದೇ ದೊಡ್ಡದಾಯಿತು.

“ಸರ್ಕಾರಕ್ಕ ಸುಳ್ಳು ಹೇಳಿಧಂಗಾತಲ್ರಿ ಯವ್ವಾ.”

“ಸುಳ್ಳಲ್ಲ ಅಜ್ಜಾರ, ಅದು ಪಾರ್ಟು,” ಎಂದಳು ಸುಗುಣಾ. “ಅದನ್ನ ಇನ್ನೊಂದು ಸಲ ಮಾಡಬೇಕಾಗೇತಿ, ಅಷ್ಟ.”

ಹೇಳಿದ್ದು ಸುಲಭ. ಆಡುವವನಿಗೆ ಬಚ್ಚಲಿಗೆ ಹೋಗಿ ಬರುವುದೇ ಒಂದು ಊರಿಗೆ ಹೋಗಿ ಬಂದಷ್ಟಾಗಿತ್ತು. ನಡೆಯುವಾಗ ಯಾರೂ ಮುಟ್ಟುವ ಹಾಗಿರಲಿಲ್ಲ, ಮುಟ್ಟಿದರೆ ಲಯ ಕೆಡುತ್ತದೆ. ಒಂದು ದಿನಕ್ಕೆ ಮೂರು ಸಲ ಮಾತ್ರ ಅವಕಾಶ, ಮೂರೂ ತಪ್ಪಿದರೆ ಹಾಸು ಆ ಹೆಸರನ್ನು ಒಂದು ವಾರ ಕೇಳಿಸಿಕೊಳ್ಳುವುದಿಲ್ಲ. ಶನಿವಾರಕ್ಕೆ ಒಂದೇ ದಿನ ಉಳಿದಿತ್ತು. ನೀಲವ್ವ ಒಳಗೆ ಹೋಗಿ ಟ್ರಂಕಿನ ತಳದಿಂದ ಜರಿ ಹೋದ ಸೀರೆಯೊಂದನ್ನು ತೆಗೆದಳು. ಕಾಲಂದಿಗೆ ಇನ್ನೂ ಇದ್ದವು, ಹಿತ್ತಾಳೆಯವು. ಕಿರೀಟ ಕಂಪನಿಯದು, ಕಂಪನಿಯ ಜೊತೆಗೇ ಹೋಗಿತ್ತು. ಅದರ ಬದಲು ಖಾನಾವಳಿಯವರ ಒಂದು ಸಣ್ಣ ಬುಟ್ಟಿಗೆ ಟವೆಲ್ಲು ಸುತ್ತಿ ತಲೆಯ ಮೇಲಿಟ್ಟು ನೋಡಿದರು. ಇಬ್ಬರೂ ಹೆಂಗಸರು ನಕ್ಕರು, ಶರಭಪ್ಪ ನಗಲಿಲ್ಲ. ಕುತ್ತಿಗೆ ಅದಾಗಲೇ ನೆಟ್ಟಗಾಗಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಮರುದಿನ ಬೆಳಿಗ್ಗೆ ಸರತಿಯೇ ಇತ್ತು. ಸೀರೆಯುಟ್ಟು, ಬುಟ್ಟಿಯ ಕಿರೀಟ ಹೊತ್ತ ಮುದುಕನನ್ನು ಕಂಡು ಜನ ದಾರಿ ಬಿಟ್ಟರು. ಕಾಯಿಲೆಯ ಮನುಷ್ಯನನ್ನು ಕರೆತಂದು ಬೀದಿಯ ಎದುರು ಕುಣಿಸುತ್ತಿದ್ದೇನೆಯೇ ಎಂದು ಸುಗುಣಾಳಿಗೆ ಅನಿಸಿತು. ಡಾಕ್ಟರಮ್ಮ ಗಾಲಿಕುರ್ಚಿಯನ್ನು ಹತ್ತಿರವೇ ಇಟ್ಟುಕೊಂಡು ನಿಂತಿದ್ದಳು. ನೀಲವ್ವ ಗಂಡನ ಚಪ್ಪಲಿ, ನೀರಿನ ಬಾಟಲಿ ಹಿಡಿದು ಹಾಸಿನ ಆ ತುದಿಗೆ ಹೋಗಿ ನಿಂತಳು, ಬಿದ್ದರೆ ಹಿಡಿದುಕೊಳ್ಳಬೇಕಲ್ಲ.

ಶರಭಪ್ಪ ಹೆಸರು ಹೇಳಿ ನಡೆದ. ಹೆಜ್ಜೆ ನಡುಗಿತು, ಆದರೂ ರಾಣಿಯದೇ. ಕೆಂಪು ದೀಪ ಹತ್ತಿತು. ಕುಳಿತು ಸುಧಾರಿಸಿಕೊಂಡು ಮತ್ತೆ ನಡೆದ. ಈ ಸಲ ಹೆಜ್ಜೆ ಹೂವಿನ ಹಾಗೆ ಬಿತ್ತು. ಸುಗುಣಾ ಕೈಯಲ್ಲಿದ್ದ ಸಣ್ಣ ತೆರೆಯಲ್ಲಿ ಹಳೆಯ ಚುಕ್ಕೆಗಳ ಮೇಲೆ ಹೊಸ ಚುಕ್ಕೆಗಳನ್ನಿಟ್ಟು ನೋಡುತ್ತಿದ್ದಳು. ಪಾದ ಕೂಡಿತು, ಮಂಡಿ ಕೂಡಿತು, ಸೊಂಟ ಕೂಡಿತು. ಅರ್ಧ ದಾರಿಯ ಆ ತಿರುವಿನಲ್ಲಿ ಮಾತ್ರ ಎರಡೂ ಬೇರೆಯಾದವು. ಅವನು ಹೆಗಲು ತಿರುಗಿಸಿದ್ದ, ಆದರೆ ಅದು ಬರಿಯ ತಿರುವು, ಕಲಿತ ಪಾಠ ಒಪ್ಪಿಸಿದ ಹಾಗೆ. ಮತ್ತೆ ಕೆಂಪು. ಶರಭಪ್ಪನ ತುಟಿ ನೀಲಿಯಾಗಿತ್ತು. ಸಾಕು, ಇನ್ನು ನಡೆಸಬೇಡಿ ಎಂದಳು ಡಾಕ್ಟರಮ್ಮ. ನೀಲವ್ವ ಓಡಿಬಂದು ಸೆರಗಿನಿಂದ ಅವನ ಬೆವರು ಒರೆಸಿ, ಹಾಳಾಗಿ ಹೋಗಲಿ ಇವರ ಹಾಸು, ಮನೆಗೆ ನಡೆಯಿರಿ, ಇರುವಷ್ಟು ದಿನ ನಾನು ನೋಡಿಕೊಳ್ಳುತ್ತೇನೆ ಎಂದಳು. ಡಾಕ್ಟರಮ್ಮ ಹೇಳಿದ್ದ ಗುಟ್ಟು ಹಾಗೆ ಅವಳ ಬಾಯಿಂದಲೇ ಹೊರಬಿತ್ತು. ಶರಭಪ್ಪ ಅವಳನ್ನು ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು.

ಸುಗುಣಾ ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತೆರೆ ತೋರಿಸಿದಳು. ಎಲ್ಲ ಸರಿಯಾಗಿದೆ, ಈ ಹಿಂದಕ್ಕೆ ನೋಡುವುದೊಂದು ಕೂಡುತ್ತಿಲ್ಲ, ಅವತ್ತು ಏನು ನೋಡಿದಿರಿ ಎಂದು ಕೇಳಿದಳು. ಮುದುಕ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದ. ತನ್ನನ್ನು ತಾನು ನೋಡಿಕೊಂಡದ್ದು ಅದೇ ಮೊದಲ ಸಲವಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ನೀಲಾ, ನೀ ಮುಂದ ನಿಂದ್ರಬ್ಯಾಡ. ಹಿಂದ ಬಾ.”

“ಹಿಂದ ಯಾಕ್ರಿ? ಬಿದ್ರ ಹಿಡಿಯಾವ್ರ್ಯಾರು?”

“ರಾಣಿ ನಡುದಾರ್ಯಾಗ ತಿರುಗಿ ನೋಡ್ತಿದ್ಲಲ್ಲ, ಯಾರನ್ನ ಅಂತ ತಿಳಕೊಂಡಿದ್ದಿ?”

“ರಾಜಾನ್ನ.”

“ರಾಜಾ ಎದುರಿಗಿರ್ತಿದ್ದ. ಹಿಂದ ಪರದೆ ಮಗ್ಗಲಕ ವಿಂಗಿನ್ಯಾಗ ನನ್ನ ಚಪ್ಪಲಿ ಹಿಡಕೊಂಡು ನಿಂತಾಕಿ ನೀನು.” ಅವನು ಉಸಿರು ತೆಗೆದುಕೊಂಡ. “ಅದಾಳೋ ಇಲ್ಲೋ ಅಂತ ನೋಡಿ ಮುಂದ ಹೋಗ್ತಿದ್ದೆ. ಅವತ್ತ ವ್ಯಾನಿನ ಮುಂದೂ ಹಂಗ. ಇಲ್ಲಂದ್ರ ಮಾತು ಮರೀತಿದ್ವು.”

ಇಷ್ಟು ವರ್ಷ ಆ ನೋಟವನ್ನು ನೀಲವ್ವ ರಾತ್ರಿಗೊಮ್ಮೆ ಕಂಡಿದ್ದಳು, ಊರೂರಿನ ಜನ ಅದಕ್ಕೆ ಸಿಳ್ಳೆ ಹೊಡೆದಿದ್ದರು, ಅದು ನಾಟಕದ್ದೆಂದೇ ಅಂದುಕೊಂಡು ಸುಮ್ಮನೆ ಚಪ್ಪಲಿ ಹಿಡಿದು ನಿಂತಿದ್ದಳು. ಈಗ ಹಾಸಿನ ಈ ತುದಿಗೆ ಬಂದು, ಅವನ ಬೆನ್ನ ಹಿಂದೆ, ಎಡಕ್ಕೆ, ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಳು. ಸುಗುಣಾ ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಶರಭಪ್ಪನ ನಾಡಿ ಹಿಡಿದು ನೋಡಿ, ಇದೊಂದೇ ಸಲ ಎಂದು ಗಾಲಿಕುರ್ಚಿಯನ್ನು ಹಾಸಿನ ಆ ತುದಿಗೆ ತಾನೇ ತಳ್ಳಿಕೊಂಡು ಹೋದಳು.

ಶರಭಪ್ಪ ಎದ್ದ. ಸೀರೆಯ ನೆರಿಗೆ ಸರಿಪಡಿಸಿಕೊಂಡ. ಕಾಲಂದಿಗೆ ಮೆಲ್ಲಗೆ ದನಿ ಮಾಡಿದವು. ಅವನು ಬಹಳ ನಿಧಾನವಾಗಿ ನಡೆದ, ಒಂದೊಂದು ಹೆಜ್ಜೆಗೂ ಉಸಿರಿಗಾಗಿ ಕಾಯುತ್ತ. ಅರ್ಧ ದಾರಿಯಲ್ಲಿ ನಿಂತ. ಎಡ ಹೆಗಲ ಮೇಲಿಂದ ತಿರುಗಿ ನೋಡಿದ. ಅಲ್ಲಿ ನೀಲವ್ವ ಇದ್ದಳು. ಮುದುಕನ ಮುಖದಲ್ಲಿ ಏನೋ ಸಡಿಲವಾಯಿತು, ಹೆಗಲು ಇಳಿಯಿತು, ಅವನು ಮುಂದೆ ಹೋದ. ಸುಗುಣಾಳ ತೆರೆಯಲ್ಲಿ ಹಳೆಯ ಚುಕ್ಕೆಗಳೂ ಹೊಸ ಚುಕ್ಕೆಗಳೂ ಒಂದರೊಳಗೊಂದು ಸೇರಿಕೊಂಡವು. ಆ ತುದಿ ಮುಟ್ಟಿ ಕುರ್ಚಿಯಲ್ಲಿ ಕುಸಿದಾಗ ದೀಪ ಹಸಿರಾಗಿತ್ತು. ಸರತಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಸುಗುಣಾಳಿಗೆ ಅಳು ಬಂತು, ಅವಳು ಅದನ್ನು ತಡೆಯಲಿಲ್ಲ.

ಸೋಮವಾರ ನಾಡಗೀರರು ಎಲ್ಲವನ್ನೂ ಕೇಳಿಸಿಕೊಂಡರು. ಅಂದರೆ ಯಂತ್ರದ ಎದುರು ಅಭಿನಯ ಮಾಡಿಸಿದೆಯಾ ಎಂದರು. ಅಭಿನಯ ಅವತ್ತೇ ಆಗಿತ್ತು ಸರ್, ನಾವು ಆಡಿದವರನ್ನು ಹುಡುಕಿದೆವು ಅಷ್ಟೇ ಎಂದಳು ಸುಗುಣಾ. ಅವಳು ಉಳಿಕೆಯ ಹಳೆಯ ನಡಿಗೆಗಳನ್ನೆಲ್ಲ ಮತ್ತೆ ಒಂದೊಂದಾಗಿ ತೆರೆದಳು. ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಡೆದ ತಾಯಿ. ಯಾರದೋ ಚಪ್ಪಲಿ ಕಡ ತಂದು ಮೆಟ್ಟಿಕೊಂಡು ಬಂದವನು. ಮನೆಯಲ್ಲಿ ಸಾವಾದ ಮರುದಿನ ಬಂದು ನಡೆದವಳು. ಹಾಸು ಮಾಡಿದವರು ಬರಿಗೈಯಲ್ಲಿ ನಡೆಯುವ ಜನ, ಎಲ್ಲರೂ ಹಾಗೆಯೇ ನಡೆಯುತ್ತಾರೆ ಎಂದುಕೊಂಡಿದ್ದರು. ಸುಗುಣಾ ಅಂದಿನಿಂದ ಪ್ರತಿ ಫೋನಿಗೂ ಮೊದಲು ಒಂದೇ ಪ್ರಶ್ನೆ ಕೇಳತೊಡಗಿದಳು, ಅವತ್ತು ನಿಮ್ಮ ಜೊತೆ ಯಾರಿದ್ದರು ಎಂದು.

ಶರಭಪ್ಪನ ಆಪರೇಷನ್ ಆಯಿತು. ಎದೆಯಲ್ಲಿ ಹೊಸ ಕವಾಟ ಬಡಿಯತೊಡಗಿತು. ಇನ್ನು ಹೊಸ ನಡಿಗೆ ಕೊಡಬೇಕಿತ್ತು, ಈ ಸಲ ಪಾರ್ಟಿನದಲ್ಲ, ಸ್ವಂತದ್ದು. ನನ್ನ ನಡಿಗೆ ಯಾವುದೆಂದು ನನಗೇ ಗೊತ್ತಿಲ್ಲವಲ್ಲ ಎಂದು ಮುದುಕ ಫೋನಿನಲ್ಲಿ ಸುಗುಣಾಳ ಹತ್ತಿರ ಗೋಳಾಡಿದ್ದ. ನಳಕ್ಕೆ ನೀರು ತರಲು ಹೋಗುವಾಗ ನಡೆಯುತ್ತೀರಲ್ಲ ಅದು ಎಂದು ನೀಲವ್ವ ಹಿಂದಿನಿಂದ ಕೂಗಿದ್ದು ಕೇಳಿಸಿತ್ತು.

ವಾರ್ಡಿನ ಮೊಗಸಾಲೆಯ ಹಾಸಿನಿಂದ ಆ ನಡಿಗೆ ಒಂದು ಮಧ್ಯಾಹ್ನ ಸುಗುಣಾಳ ತೆರೆಗೆ ಬಂತು. ಚುಕ್ಕೆಗಳು ನಡೆದವು. ಸೀರೆಯಿಲ್ಲ, ಕಿರೀಟವಿಲ್ಲ, ಕಾಲೆಳೆಯುತ್ತ ಹೋಗುವ ಒಬ್ಬ ಮುದುಕ, ಅವನಂಥವರು ಊರು ತುಂಬ ಇದ್ದಾರೆ. ಅರ್ಧ ದಾರಿಗೆ ಬಂದ. ತುಸು ನಿಂತ. ಎಡ ಹೆಗಲು ಮೆಲ್ಲಗೆ ಹಿಂದಕ್ಕೆ ತಿರುಗಿತು, ಇಳಿಯಿತು, ಚುಕ್ಕೆಗಳು ಮುಂದೆ ಹೋದವು.

ಹಿಂದೆ ಯಾರಿದ್ದಾರೆಂದು ನಡೆಹಾಸಿಗೆ ಗೊತ್ತಿರಲಿಲ್ಲ. ಸುಗುಣಾಳಿಗೆ ಗೊತ್ತಿತ್ತು. ಅವಳು ಆ ನಡಿಗೆಗೆ ಒಪ್ಪಿಗೆ ಒತ್ತಿ, ಬಡಿದುಕೊಳ್ಳುತ್ತಿದ್ದ ಫೋನನ್ನು ಎತ್ತಿದಳು.